ದೇಹ ತನ್ನ ಕೆಲಸ ಮಾಡುತ್ತದೆ, ಸುಖ ಮಾತ್ರ ಇಲ್ಲ: ಇದಕ್ಕೆ ಯಾರಲ್ಲಿಗೆ ಹೋಗಬೇಕು?

ಮುಲುಂಡ್ ನಿವಾಸಿ:

ಸಂಕೋಚದ ವಿಷಯವಾದ್ದರಿಂದ ಹೆಸರು ಹಾಕದೆ ಬರೆಯುತ್ತಿದ್ದೇನೆ. ನನಗೆ ನಲವತ್ತು ದಾಟಿದೆ. ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ, ಹೆಂಡತಿಯೊಂದಿಗೆ ಮನಸ್ತಾಪವೂ ಇಲ್ಲ. ಕೂಡಬೇಕೆಂಬ ಬಯಕೆ ಮೊದಲಿನಷ್ಟು ಇಲ್ಲದಿದ್ದರೂ ಪೂರ್ತಿ ಹೋಗಿಲ್ಲ. ನಿಮಿರುವಿಕೆಯಲ್ಲಿ ತೊಂದರೆಯಿಲ್ಲ, ಸ್ಖಲನವೂ ಆಗುತ್ತದೆ. ಆದರೆ ಆ ಕ್ಷಣದಲ್ಲಿ ಇರಬೇಕಾದ ಸುಖ ಇಲ್ಲ. ಸ್ನಾಯುಗಳು ಬಿಗಿದು ಸಡಿಲವಾದದ್ದು ತಿಳಿಯುತ್ತದೆ, ಮುಗಿಯಿತು ಎಂಬುದು ತಿಳಿಯುತ್ತದೆ, ಅಷ್ಟೇ. ಜ್ವರ ಬಂದವನು ಊಟ ಮಾಡಿದ ಹಾಗೆ, ಹೊಟ್ಟೆ ತುಂಬಿತು, ನಾಲಗೆಗೆ ಏನೂ ತಾಗಲಿಲ್ಲ. ನೋವಿಲ್ಲ, ಚರ್ಮ ಮರಗಟ್ಟಿದಂತೆಯೂ ಇಲ್ಲ.

ನಮ್ಮ ಕಡೆಯ ಒಬ್ಬ ವೈದ್ಯರಲ್ಲಿ ಹೇಳಿಕೊಂಡೆ. ಅವರು ಕೇಳಿದ್ದು ಎರಡೇ ಪ್ರಶ್ನೆ: ಗಟ್ಟಿಯಾಗುತ್ತದೆಯೇ, ವೀರ್ಯ ಹೊರಗೆ ಬರುತ್ತದೆಯೇ. ಎರಡಕ್ಕೂ ಹೌದೆಂದಾಗ, ಹಾಗಾದರೆ ನಿಮಗೇನೂ ಆಗಿಲ್ಲ, ಟೆನ್ಶನ್ ಕಡಿಮೆ ಮಾಡಿಕೊಳ್ಳಿ ಎಂದು ವಿಟಮಿನ್ ಬರೆದುಕೊಟ್ಟರು. ಲೋಕಲ್ ಟ್ರೇನಿನ ಡಬ್ಬಿಗಳಲ್ಲಿ ಅಂಟಿಸಿರುವ ಗುಪ್ತರೋಗದ ಚೀಟಿಗಳಲ್ಲಿಯೂ ಇಂಥದ್ದೊಂದು ದೂರು ಇಲ್ಲ. ಇದು ವೈದ್ಯಶಾಸ್ತ್ರಕ್ಕೆ ಗೊತ್ತಿರುವ ತೊಂದರೆಯೇ, ಅಥವಾ ನಾನೇ ಇಲ್ಲದ್ದನ್ನು ಹುಡುಕುತ್ತಿದ್ದೇನೆಯೇ? ಮೂತ್ರಾಂಗ ತಜ್ಞರೋ, ಮನೋವೈದ್ಯರೋ, ಯಾರಲ್ಲಿಗೆ ಹೋಗಬೇಕು? ತಿಳಿದವರು ದಯವಿಟ್ಟು ಹೇಳಬೇಕು.

ನಿವೃತ್ತ ವೈದ್ಯ, ಪುಣೆ:

ಇಲ್ಲದ್ದನ್ನು ನೀವು ಹುಡುಕುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಎಫ್ 52.11 ಎಂಬ ಸಂಖ್ಯೆಯಡಿ ನಿಮ್ಮ ದೂರು ಹೆಚ್ಚುಕಡಿಮೆ ನಿಮ್ಮ ಮಾತುಗಳಲ್ಲೇ ಇದೆ: ಲೈಂಗಿಕ ಪ್ರತಿಕ್ರಿಯೆಗಳು ಸಹಜವಾಗಿ ನಡೆಯುತ್ತವೆ, ಪರಾಕಾಷ್ಠೆಯೂ ಆಗುತ್ತದೆ, ಆದರೆ ಅದಕ್ಕೆ ತಕ್ಕ ಸುಖವಿರುವುದಿಲ್ಲ. ಈ ದೂರನ್ನು ಗಂಡಸರಿಗಿಂತ ಹೆಂಗಸರು ಹೆಚ್ಚಾಗಿ ಹೇಳುತ್ತಾರೆ ಎಂಬ ಮಾತೂ ಅಲ್ಲಿದೆ. 2022ರ ಜನವರಿಯಿಂದ ಜಾರಿಯಲ್ಲಿರುವ ಹನ್ನೊಂದನೆಯ ಆವೃತ್ತಿಯಲ್ಲಿ ಪರಾಕಾಷ್ಠೆಯ ತೊಂದರೆಗಳ ಕೆಳಗೆ, ಅನುಭವದ ತೀವ್ರತೆ ಗಣನೀಯವಾಗಿ ಕುಗ್ಗಿರುವುದನ್ನೂ ಸೇರಿಸಿದ್ದಾರೆ, ಅದು ಗಂಡಿಗೂ ಹೆಣ್ಣಿಗೂ ಸಮಾನವಾಗಿ ಅನ್ವಯಿಸುತ್ತದೆ. ಅಮೆರಿಕದ ಮನೋವೈದ್ಯರು 2013ರಲ್ಲಿ ಪ್ರಕಟಿಸಿದ ಪಟ್ಟಿ ಇಲ್ಲಿ ಸ್ವಲ್ಪ ಎಡವುತ್ತದೆ. ಹೆಂಗಸರ ವಿಷಯದಲ್ಲಿ ಸುಖ ಕುಗ್ಗುವುದನ್ನು ಗುರುತಿಸಿದವರು ಗಂಡಸರ ವಿಷಯದಲ್ಲಿ ಸ್ಖಲನ ಬೇಗವೋ ತಡವೋ ಎಂಬ ಲೆಕ್ಕದಲ್ಲೇ ನಿಂತುಬಿಟ್ಟಿದ್ದಾರೆ. ನಿಮ್ಮ ವೈದ್ಯರು ಎರಡೇ ಪ್ರಶ್ನೆ ಕೇಳಿ ನಿಲ್ಲಿಸಿದ್ದು ಆ ಅಭ್ಯಾಸದ ಫಲ.

ಸ್ಖಲನ ಮತ್ತು ಸುಖ ಒಂದೇ ಎಂದು ನಾವು ತಿಳಿದಿರುವುದು ಎರಡೂ ಒಟ್ಟಿಗೆ ಬರುವುದರಿಂದ. ವಾಸ್ತವದಲ್ಲಿ ಸ್ಖಲನವು ಬೆನ್ನುಹುರಿಯ ಮಟ್ಟದಲ್ಲೇ ಪೂರ್ತಿಯಾಗಬಲ್ಲ ಒಂದು ಪ್ರತಿವರ್ತನೆ. ವೀರ್ಯ ಮೂತ್ರನಾಳಕ್ಕೆ ಬಂದು ಸೇರುವ ಕೆಲಸವನ್ನು ಎದೆಯ ಕೆಳಭಾಗ ಮತ್ತು ಸೊಂಟದ ಮೇಲ್ಭಾಗದ ನರಗಳೂ, ಹೊರಕ್ಕೆ ಚಿಮ್ಮಿಸುವ ಕೆಲಸವನ್ನು ಬೆನ್ನೆಲುಬಿನ ಬುಡದಲ್ಲಿರುವ ತ್ರಿಕಾಸ್ಥಿಯ ಭಾಗದಿಂದ ಹೊರಡುವ ನರಗಳೂ ನೋಡಿಕೊಳ್ಳುತ್ತವೆ. ಬೆನ್ನುಹುರಿ ಪೂರ್ತಿ ತುಂಡಾಗಿ ಸೊಂಟದ ಕೆಳಗೆ ಏನೂ ತಿಳಿಯದವರಲ್ಲಿಯೂ ಕಂಪಕ ಸಾಧನದಿಂದ ಸ್ಖಲನ ಮಾಡಿಸಿ, ವೀರ್ಯ ಸಂಗ್ರಹಿಸಿ, ಅವರು ತಂದೆಯಾಗಲು ನೆರವಾಗುತ್ತಾರೆ. ಸುಖ ಹುಟ್ಟುವುದು ಮಾತ್ರ ಮಿದುಳಿನಲ್ಲಿ. ನೆದರ್ಲೆಂಡ್ಸಿನಲ್ಲಿ ಗೆರ್ಟ್ ಹೋಲ್ಸ್ಟೆಗೆ ಮತ್ತು ಸಂಗಡಿಗರು ಸ್ಖಲನದ ಸಮಯದಲ್ಲೇ ಮಿದುಳಿನ ಚಿತ್ರ ತೆಗೆದು 2003ರಲ್ಲಿ ಪ್ರಕಟಿಸಿದಾಗ, ಡೋಪಮೈನ್ ಎಂಬ ರಾಸಾಯನಿಕ ಹೊರಡುವ ಮಧ್ಯಮಿದುಳಿನ ಭಾಗ ಹೆಚ್ಚು ಚುರುಕಾಗಿದ್ದುದು ಕಂಡಿತು. ಡೋಪಮೈನ್ ಎಂದರೆ ಸುಖ ಎಂದು ಪತ್ರಿಕೆಗಳಲ್ಲಿ ಬರೆಯುವುದುಂಟು, ಅದು ತೀರಾ ಸರಳೀಕರಣ. ಬೇಕೆನ್ನಿಸುವುದರಲ್ಲಿ ಡೋಪಮೈನಿನ ಪಾಲು ದೊಡ್ಡದು, ಹಿತವೆನ್ನಿಸುವುದರಲ್ಲಿ ಮಿದುಳು ತಾನೇ ತಯಾರಿಸುವ ಅಫೀಮಿನಂಥ ರಾಸಾಯನಿಕಗಳ ಪಾಲೂ ಇದೆ. ಈ ಜಾಲದಲ್ಲಿ ಎಲ್ಲಿ ತಡೆಯಾದರೂ ಬೆನ್ನುಹುರಿಯ ಕೆಲಸ ಸಾಂಗವಾಗಿ ಮುಗಿದು, ಸುಖ ಮಾತ್ರ ಹುಟ್ಟದೆ ಹೋಗಬಹುದು.

ಆದ್ದರಿಂದ ನನ್ನ ಮೊದಲ ಪ್ರಶ್ನೆ ನಿಮ್ಮ ಅಂಗಾಂಗಗಳ ಬಗ್ಗೆ ಅಲ್ಲ. ನೀವು ಯಾವ ಯಾವ ಮಾತ್ರೆಗಳನ್ನು, ಎಷ್ಟು ಕಾಲದಿಂದ ತೆಗೆದುಕೊಳ್ಳುತ್ತಿದ್ದೀರಿ? ಚಿಕ್ಕದೆಂದು ಬಿಡದೆ, ತಲೆನೋವು, ಗ್ಯಾಸು, ಕೂದಲು ಉದುರುವುದಕ್ಕೆ ತೆಗೆದುಕೊಳ್ಳುವುದನ್ನೂ ಸೇರಿಸಿ ಹೇಳಿ. ಇನ್ನೊಂದು, ಊಟ, ಸಂಗೀತ, ಗೆಳೆಯರು, ಯಾವುದರಲ್ಲೂ ಈಗ ಸುಖ ಸಿಗುತ್ತಿಲ್ಲವೋ ಅಥವಾ ಇದೊಂದರಲ್ಲಿ ಮಾತ್ರವೋ? ಎಲ್ಲದರಲ್ಲೂ ಹಾಗಿದ್ದರೆ ಖಿನ್ನತೆಯನ್ನೇ ಮೊದಲು ಯೋಚಿಸಬೇಕಾಗುತ್ತದೆ.

ಘಾಟ್ಕೋಪರ್ ಹೋಟೆಲಿನವರು:

ಡಾಕ್ಟರು ದೊಡ್ಡ ದೊಡ್ಡ ಮಾತು ಬರೆದಿದ್ದಾರೆ, ಗೌರವವಿದೆ. ಆದರೆ ನಮ್ಮ ಹಿರಿಯರು ಹೇಳುತ್ತಿದ್ದುದು ಬೇರೆ. ಪ್ರಾಯದಲ್ಲಿ ಧಾತು ವ್ಯರ್ಥವಾಗಿ ಹೋದರೆ ಮುಂದೆ ಸತ್ವ ಉಳಿಯುವುದಿಲ್ಲ, ಸುಖವೂ ಇರುವುದಿಲ್ಲ. ನನ್ನ ಪರಿಚಯದವರೊಬ್ಬರು ಕಲ್ಯಾಣದಲ್ಲಿ ಒಂದು ಪುಡಿ ಕೊಡುತ್ತಾರೆ, ಹಾಲಿನಲ್ಲಿ ಕಲಸಿ ಕುಡಿಯುವುದು. ಅನೇಕರಿಗೆ ಗುಣ ಕಂಡಿದೆ. ಈ ಅಣ್ಣನವರು ಒಮ್ಮೆ ಪ್ರಯತ್ನಿಸಬಹುದು.

ನಿವೃತ್ತ ವೈದ್ಯ, ಪುಣೆ:

ಹಿರಿಯರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಆ ನಂಬಿಕೆಯೇ ಒಂದು ಕಾಯಿಲೆಯನ್ನು ತರುತ್ತದೆ. ಧಾತು ನಷ್ಟವಾಯಿತೆಂಬ ಭಯದಿಂದಲೇ ನಿಶ್ಶಕ್ತಿ, ಎದೆಬಡಿತ, ನಿದ್ರೆಗೇಡು ಬರುವುದನ್ನು ಡಾ. ಎನ್. ಎನ್. ವಿಗ್ 1960ರಲ್ಲಿ ಧಾತ್ ಸಿಂಡ್ರೋಮ್ ಎಂಬ ಹೆಸರಿನಲ್ಲಿ ದಾಖಲಿಸಿದರು. ವೀರ್ಯ ನಿರಂತರವಾಗಿ ತಯಾರಾಗುವ ದ್ರವ. ಹಿಂದೆ ಖರ್ಚಾದದ್ದು ಇಂದಿನ ಸುಖವನ್ನು ಕಸಿಯುವುದಿಲ್ಲ. ಪುಡಿಯ ವಿಷಯ: ಹೆಸರು ಚೀಟಿಯಿಲ್ಲದ ಇಂಥ ಪುಡಿಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿರುವುದು ಪತ್ತೆಯಾದ ಉದಾಹರಣೆಗಳಿವೆ, ಸೀಸ ಪಾದರಸಗಳಿದ್ದದ್ದೂ ಉಂಟು. ಸಿಲ್ಡೆನಾಫಿಲ್ ರಕ್ತನಾಳಗಳನ್ನು ಹಿಗ್ಗಿಸಿ ನಿಮಿರುವಿಕೆಗೆ ನೆರವಾಗುತ್ತದೆಯೇ ಹೊರತು ಸುಖವನ್ನು ಹುಟ್ಟಿಸುವುದಿಲ್ಲ. ಹೃದಯಕ್ಕೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರ ಹೊಟ್ಟೆಗೆ ಅದು ತಿಳಿಯದೆ ಸೇರಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಆದ್ದರಿಂದ ದಯವಿಟ್ಟು ಬೇಡ.

ಅಂಧೇರಿಯ ಓದುಗ:

ಮನೆಯ ಹೆಣ್ಣುಮಕ್ಕಳೂ ಓದುವ ಜಾಗದಲ್ಲಿ ಇಂಥ ಚರ್ಚೆ ಬೇಕೇ ಎಂದು ನಿರ್ವಾಹಕರನ್ನು ಕೇಳುತ್ತಿದ್ದೇನೆ. ವೈದ್ಯರ ಕೋಣೆಯೊಳಗೆ ಆಗಬೇಕಾದ ಮಾತಿದು.

ಡೊಂಬಿವಲಿಯಿಂದ:

ಹೆಣ್ಣುಮಕ್ಕಳು ಓದುತ್ತಿದ್ದೇವೆ, ಮತ್ತು ಈ ತೊಂದರೆ ನಮ್ಮಲ್ಲೇ ಹೆಚ್ಚು ಎಂದು ಡಾಕ್ಟರರು ಮೇಲೆಯೇ ಬರೆದಿದ್ದಾರೆ. ವೈದ್ಯರ ಕೋಣೆಯೊಳಗೆ ಈ ಮಾತು ಆಗುವುದೇ ಇಲ್ಲ ಎಂಬುದಲ್ಲವೇ ಮೊದಲ ದೂರು? ಚರ್ಚೆ ಮುಂದುವರಿಯಲಿ ಎಂದು ನನ್ನ ಕೋರಿಕೆ.

ನಿವೃತ್ತ ವೈದ್ಯ, ಪುಣೆ:

ಅಂಧೇರಿಯವರಿಗೆ ಒಂದು ಸಂಗತಿ ನೆನಪಿಸುತ್ತೇನೆ. ನೀವಿರುವ ಊರಿನಲ್ಲಿಯೇ, ವಿಲ್ಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ರಘುನಾಥ ಧೋಂಡೋ ಕರ್ವೆ 1921ರಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದರು, 1927ರಿಂದ 1953ರಲ್ಲಿ ತೀರಿಕೊಳ್ಳುವವರೆಗೆ ಲೈಂಗಿಕ ಆರೋಗ್ಯಕ್ಕೆಂದೇ ಮರಾಠಿ ಮಾಸಿಕವೊಂದನ್ನು ನಡೆಸಿದರು. ಓದುಗರ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದೇ ಅಶ್ಲೀಲವೆಂದು ಅವರ ಮೇಲೆ ಮೊಕದ್ದಮೆಯಾದಾಗ 1934ರಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಅಂಬೇಡ್ಕರ್. ಮುಂದೆ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಪ್ರಕಾಶ್ ಕೊಠಾರಿಯವರ ನೇತೃತ್ವದಲ್ಲಿ ಲೈಂಗಿಕ ವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗವೇ ಆಯಿತು. ಈ ಊರಿಗೆ ಈ ಮಾತು ಹೊಸದಲ್ಲ.

ಮುಲುಂಡ್ ನಿವಾಸಿ:

ಡಾಕ್ಟರರು ಕೇಳಿದ್ದಕ್ಕೆ ಉತ್ತರ. ಗಾಯಕಿ ಕಿಶೋರಿ ಆಮೋಣಕರ್ ಅವರ ಹಾಡು ಕೇಳಿದರೆ ಈಗಲೂ ಮೈ ನವಿರೇಳುತ್ತದೆ, ಊಟದ ರುಚಿ ಹೋಗಿಲ್ಲ, ಕೆಲಸದಲ್ಲಿ ಉತ್ಸಾಹವಿದೆ. ಮಾತ್ರೆಗಳು ಎರಡು. ತಂದೆ ತೀರಿಕೊಂಡ ಮೇಲೆ ಎದೆಯಲ್ಲಿ ಗಾಬರಿ, ನಿದ್ರೆ ಬಾರದಿರುವುದು ಶುರುವಾದಾಗ ಮನೋವೈದ್ಯರು ಎಸಿಟಾಲೋಪ್ರಾಂ 10 ಮಿಲಿಗ್ರಾಂ ಕೊಟ್ಟಿದ್ದರು, ಈಗಲೂ ನಡೆಯುತ್ತಿದೆ. ಅದರಿಂದ ನನಗೆ ಬಹಳ ಉಪಕಾರವಾಗಿದೆ. ಇನ್ನೊಂದು ಗ್ಯಾಸಿನ ಕ್ಯಾಪ್ಸೂಲ್, ಬೆಳಿಗ್ಗೆ ಖಾಲಿ ಹೊಟ್ಟೆಗೆ. ಅದನ್ನು ಯಾರು ಬರೆದುಕೊಟ್ಟರೆಂಬುದೇ ಮರೆತಿದೆ, ಮೆಡಿಕಲ್‌ನಲ್ಲಿ ಖಾಲಿ ಸ್ಟ್ರಿಪ್ ತೋರಿಸಿ ತರುತ್ತೇನೆ. ಸ್ಟ್ರಿಪ್ಪಿನ ಮೇಲೆ ರಾಬೆಪ್ರಜೋಲ್ ಮತ್ತು ಲೆವೊಸಲ್ಪಿರೈಡ್ ಎಂದಿದೆ.

ವಾಸ್ಕೋದ ಔಷಧಿ ಅಂಗಡಿಯವನು:

ಆ ಎರಡನೆಯ ಹೆಸರು ಓದಿ ಬರೆಯಲೇಬೇಕೆನ್ನಿಸಿತು. ರಾಬೆಪ್ರಜೋಲ್ ಹೊಟ್ಟೆಯ ಆಮ್ಲ ಕಡಿಮೆ ಮಾಡುತ್ತದೆ, ಅದು ಇಲ್ಲಿ ಮುಖ್ಯವಲ್ಲ. ಲೆವೊಸಲ್ಪಿರೈಡ್ ಹೊಟ್ಟೆಯಿಂದ ಆಹಾರ ಬೇಗ ಮುಂದೆ ಹೋಗಲೆಂದು ಸೇರಿಸಿದ್ದು, ಅದು ಡೋಪಮೈನನ್ನು ತಡೆಯುವ ಔಷಧಿ. ಮೂಲತಃ ಮನೋರೋಗಗಳಿಗೆ ಬಳಸುವ ಗುಂಪಿಗೆ ಸೇರಿದ್ದು. ಡಾಂಪೆರಿಡೋನ್, ಮೆಟೊಕ್ಲೊಪ್ರಮೈಡ್ ಕೂಡ ಡೋಪಮೈನನ್ನು ತಡೆದೇ ವಾಂತಿ, ಹೊಟ್ಟೆಯುಬ್ಬರಕ್ಕೆ ಕೆಲಸ ಮಾಡುತ್ತವೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಹೆಚ್ಚು ಸುರಿಯದಂತೆ ಹಿಡಿದಿಡುವುದು ಡೋಪಮೈನ್, ಆ ಹಿಡಿತ ಸಡಿಲವಾದರೆ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಏರುತ್ತದೆ. ಹೆಂಗಸರಲ್ಲಿ ಮುಟ್ಟು ತಪ್ಪುವುದು, ಹೆರಿಗೆಯಾಗದಿದ್ದರೂ ಎದೆಯಲ್ಲಿ ಹಾಲು ಬರುವುದು ಇದರಿಂದ. ಗಂಡಸರಲ್ಲಿ ಅಂಥ ಹೊರಗುರುತು ಕಡಿಮೆ, ಬಯಕೆ ಮತ್ತು ಸುಖ ಕುಗ್ಗಿದ್ದನ್ನು ಯಾರೂ ಗ್ಯಾಸಿನ ಮಾತ್ರೆಯ ಲೆಕ್ಕಕ್ಕೆ ಬರೆಯುವುದಿಲ್ಲ.

ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಔಷಧಿಯಿದು. ಆದರೂ ಒಂದು ಹಳೆಯ ಸ್ಟ್ರಿಪ್ ಕೌಂಟರಿನ ಮೇಲಿಟ್ಟು, ಇದೇ ಕೊಡಿ ಎನ್ನುವವರು ದಿನವೂ ಬರುತ್ತಾರೆ. ಹದಿನೈದು ದಿನಕ್ಕೆಂದು ಬರೆದದ್ದನ್ನು ವರ್ಷಗಟ್ಟಲೆ ನುಂಗುವವರನ್ನು ನೋಡಿದ್ದೇನೆ. ಬಂದರಿನ ಪಾಳಿ ಕೆಲಸ, ಹೊತ್ತಲ್ಲದ ಹೊತ್ತಿನ ಊಟ, ಎಲ್ಲರಿಗೂ ಗ್ಯಾಸು. ಇದು ನಮ್ಮ ವ್ಯಾಪಾರದ ಕಡೆಯ ಲೋಪವೂ ಹೌದು, ಆ ಮಾತನ್ನು ಮುಚ್ಚಿಡಲಾರೆ.

ನಿವೃತ್ತ ವೈದ್ಯ, ಪುಣೆ:

ವಾಸ್ಕೋದವರು ನಾನು ಬರೆಯಬೇಕಾದದ್ದನ್ನು ನನಗಿಂತ ಚೆನ್ನಾಗಿ ಬರೆದಿದ್ದಾರೆ. ಮುಲುಂಡ್‌ನವರೇ, ನಿಮ್ಮಲ್ಲಿ ಈಗ ಇಬ್ಬರು ಶಂಕಿತರಿದ್ದಾರೆ, ಮತ್ತು ಇಬ್ಬರನ್ನೂ ಒಟ್ಟಿಗೆ ಹೊರಹಾಕಬಾರದು. ಹಾಗೆ ಮಾಡಿದರೆ ಗುಣವಾದರೂ ಯಾವುದರಿಂದ ಎಂಬುದು ಎಂದಿಗೂ ತಿಳಿಯುವುದಿಲ್ಲ.

ಎಸಿಟಾಲೋಪ್ರಾಂ, ಸರ್ಟ್ರಲೀನ್, ಪ್ಯಾರಾಕ್ಸೆಟೀನ್, ಫ್ಲುಯೊಕ್ಸೆಟೀನ್ ಎಲ್ಲವೂ ಮಿದುಳಿನ ಸೆರಟೋನಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸುವ ಒಂದೇ ಗುಂಪಿನವು. ಬಯಕೆ ತಗ್ಗುವುದು, ಪರಾಕಾಷ್ಠೆ ತಡವಾಗುವುದು ಅಥವಾ ಆಗದಿರುವುದು, ಆದರೂ ಸಪ್ಪೆಯಾಗಿರುವುದು ಈ ಗುಂಪಿನ ಅತಿ ಸಾಮಾನ್ಯ ಅಡ್ಡಪರಿಣಾಮಗಳು. ಶೀಘ್ರಸ್ಖಲನಕ್ಕೆ ಇದೇ ಗುಂಪಿನ ಡಾಪಾಕ್ಸೆಟೀನನ್ನು ಕೊಡುವುದೇ ಈ ಗುಣಕ್ಕಾಗಿ. ಸ್ಪೇನಿನಲ್ಲಿ 344 ರೋಗಿಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಮೊಂತೆಹೊ ಅವರ ಅಧ್ಯಯನವನ್ನು ನಾನು ಕಿರಿಯ ವೈದ್ಯರಿಗೆ ಯಾವಾಗಲೂ ಹೇಳುತ್ತಿದ್ದೆ. ತಾವಾಗಿಯೇ ಲೈಂಗಿಕ ತೊಂದರೆ ಹೇಳಿಕೊಂಡವರು ನೂರಕ್ಕೆ ಸುಮಾರು 14, ವೈದ್ಯರೇ ನೇರವಾಗಿ ಕೇಳಿದಾಗ ಹೌದೆಂದವರು ಸುಮಾರು 58. ನಾವು ಕೇಳುವುದಿಲ್ಲ, ಅವರು ಹೇಳುವುದಿಲ್ಲ, ಚೀಟಿ ಮಾತ್ರ ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತದೆ.

ಆದರೆ ಇದನ್ನು ಓದಿ ಯಾರೂ ನಾಳೆ ಬೆಳಿಗ್ಗೆ ಮಾತ್ರೆ ನಿಲ್ಲಿಸಬಾರದು. ಥಟ್ಟನೆ ಬಿಟ್ಟರೆ ತಲೆಸುತ್ತು, ಕಿರಿಕಿರಿ, ತಲೆಯೊಳಗೆ ವಿದ್ಯುತ್ ಹರಿದಂಥ ಅನುಭವ, ವಿಚಿತ್ರ ಕನಸುಗಳು ಬರುತ್ತವೆ. ಪ್ಯಾರಾಕ್ಸೆಟೀನಿನಲ್ಲಿ ಇದು ಹೆಚ್ಚು, ದೇಹದಲ್ಲಿ ಬಹುಕಾಲ ಉಳಿಯುವ ಫ್ಲುಯೊಕ್ಸೆಟೀನಿನಲ್ಲಿ ಕಡಿಮೆ. ಅದಕ್ಕಿಂತ ಹೆಚ್ಚಾಗಿ, ಮೂಲ ಕಾಯಿಲೆ ಮರಳಬಹುದು. ಬರೆದುಕೊಟ್ಟ ಮನೋವೈದ್ಯರ ಬಳಿಯೇ ಹೋಗಿ, ಈ ದೂರು ಹೀಗಿದೆ ಎಂದು ಸ್ಪಷ್ಟ ಮಾತಿನಲ್ಲಿ ಹೇಳಿದರೆ, ಪ್ರಮಾಣ ಇಳಿಸುವುದೋ, ಮಿರ್ಟಜಪೀನ್ ಅಥವಾ ಬುಪ್ರೊಪಿಯಾನ್‌ನಂಥ ಬೇರೆ ಗುಂಪಿಗೆ ಬದಲಿಸುವುದೋ ಅವರು ನಿರ್ಧರಿಸುತ್ತಾರೆ. ಮೂರ್ಛೆರೋಗ ಇದ್ದವರಿಗೆ ಬುಪ್ರೊಪಿಯಾನ್ ಕೊಡುವಂತಿಲ್ಲ.

ಮೊದಲು ರಕ್ತಪರೀಕ್ಷೆ ಆಗಲಿ. ಪ್ರೊಲ್ಯಾಕ್ಟಿನ್, ಬೆಳಗಿನ ಹೊತ್ತಿನ ಟೆಸ್ಟೋಸ್ಟಿರೋನ್, ಥೈರಾಯ್ಡಿನ ಟಿ.ಎಸ್.ಎಚ್., ಮೂರು ತಿಂಗಳ ಸಕ್ಕರೆಯ ಸರಾಸರಿ. ಸಸ್ಯಾಹಾರಿಗಳಾದರೆ ಬಿ12 ಸೇರಿಸಿಕೊಳ್ಳಿ, ಅದರ ಕೊರತೆಯಿಂದ ನರಗಳು ಸೊರಗುತ್ತವೆ. ಪ್ರೊಲ್ಯಾಕ್ಟಿನ್‌ಗೆ ರಕ್ತ ಕೊಡುವ ದಿನ ಎದ್ದ ಕೂಡಲೇ ಓಡಬೇಡಿ. ನಿದ್ರೆ, ಓಟ, ಗಾಬರಿ, ಸಂಭೋಗ ಎಲ್ಲವೂ ಅದನ್ನು ಏರಿಸುತ್ತವೆ. ಎದ್ದು ಒಂದೆರಡು ಗಂಟೆ ಕಳೆದ ಮೇಲೆ, ಲ್ಯಾಬಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಕೊಡಿ. ಲೋಕಲ್ ಇಳಿದು ಏದುಸಿರಿನಲ್ಲಿ ಕೊಟ್ಟ ರಕ್ತದ ವರದಿ ನೋಡಿ ಹೆದರಿದವರು ಬೇಕಾದಷ್ಟು ಜನರಿದ್ದಾರೆ. ಟೆಸ್ಟೋಸ್ಟಿರೋನ್ ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ನೋಡದೆ ತೀರ್ಮಾನಿಸಬಾರದು.

ಠಾಣೆಯ ಆಪ್ತಸಲಹೆಗಾರ್ತಿ:

ರಕ್ತಪರೀಕ್ಷೆಯ ಮಾತಿಗೆ ನನ್ನ ಒಪ್ಪಿಗೆಯಿದೆ. ಅದರ ಜೊತೆಗೆ ಮನೆಯಲ್ಲಿ ನಡೆಯುವ ಇನ್ನೊಂದು ಸಂಗತಿಯನ್ನೂ ನೋಡಬೇಕು. ಕಾರಣ ಮಾತ್ರೆಯೇ ಆಗಿದ್ದರೂ, ಒಂದೆರಡು ಸಲ ಸುಖ ತಪ್ಪಿದ ಮೇಲೆ ಮನುಷ್ಯ ಪ್ರತಿ ಸಲವೂ ತನ್ನನ್ನೇ ಹೊರಗೆ ನಿಂತು ಪರೀಕ್ಷಿಸತೊಡಗುತ್ತಾನೆ: ಈ ಸಲ ಬಂದೀತೇ, ಎಷ್ಟು ಬಂತು, ಹೋದ ಸಲಕ್ಕಿಂತ ಕಡಿಮೆಯೇ. ಆ ತಪಾಸಣೆಯೇ ಉಳಿದಷ್ಟು ಸುಖವನ್ನೂ ಕೊಲ್ಲುತ್ತದೆ. ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಇದನ್ನು ವಿವರಿಸಿ, ಇದಕ್ಕೊಂದು ಕ್ರಮವನ್ನೂ ಕೊಟ್ಟರು. ಕೆಲವು ವಾರ ಸಂಭೋಗವನ್ನು ಬೇಕೆಂದೇ ಪಕ್ಕಕ್ಕಿಡಬೇಕು; ದಂಪತಿಗಳು ಒಬ್ಬರನ್ನೊಬ್ಬರು ಸ್ಪರ್ಶಿಸಬೇಕು, ಮೊದಲಿಗೆ ಎದೆ ಮತ್ತು ಜನನಾಂಗಗಳನ್ನು ಬಿಟ್ಟು; ಗಮನವೆಲ್ಲ ಬಿಸಿ, ತಣ್ಣಗೆ, ಒರಟು, ನಯ ಎಂಬಷ್ಟರಲ್ಲೇ ಇರಬೇಕು; ಎಲ್ಲಿಗೂ ತಲುಪುವ ಗುರಿ ಇರಬಾರದು. ಆಮೇಲೆ ಹಂತಹಂತವಾಗಿ ಮುಂದುವರಿಯುವುದು. ಒಂದೂವರೆ ಕೋಣೆಯಲ್ಲಿ ಅತ್ತೆ, ಮಕ್ಕಳೊಂದಿಗೆ ಇರುವವರಿಗೆ ಇದನ್ನು ಹೇಳಿಕೊಡುವಾಗ ನನಗೇ ನಗು ಬಂದುಬಿಡುತ್ತದೆ. ಬಾಗಿಲು ಹಾಕಿಕೊಳ್ಳಲು ಅರ್ಧ ಗಂಟೆ ಸಿಗುವುದೇ ಮುಂಬಯಿಯ ಮೊದಲ ಚಿಕಿತ್ಸೆ.

ಮಾತ್ರೆಯಿಂದ ಬಂದದ್ದನ್ನು ಈ ಕ್ರಮವೊಂದೇ ವಾಸಿ ಮಾಡುವುದಿಲ್ಲ. ಮಾತ್ರೆ ಬದಲಾದ ಮೇಲೂ ಉಳಿದುಹೋಗುವ ಭಯವನ್ನು ಮಾತ್ರ ಕರಗಿಸುತ್ತದೆ. ಮುಲುಂಡ್‌ನವರು ಹೆಂಡತಿಗೆ ವಿಷಯ ತಿಳಿಸಿದ್ದಾರೆಯೇ?

ಪೊಂಡಾದಿಂದ:

ಸಲಹೆಗಾರ್ತಿಯವರ ಕೊನೆಯ ಪ್ರಶ್ನೆಗೆ ಹೆಂಡತಿಯ ಸ್ಥಾನದಲ್ಲಿ ನಿಂತು ಬರೆಯುತ್ತೇನೆ. ನನ್ನ ಯಜಮಾನರಿಗೂ ಹೀಗೆಯೇ ಆಗಿತ್ತು, ಅವರು ಹೇಳಲಿಲ್ಲ. ಅವರ ಮುಖ ನೋಡಿ ನನಗೆ ತಿಳಿಯುತ್ತಿತ್ತು, ಆದರೆ ತಿಳಿದದ್ದು ತಪ್ಪಾಗಿ. ನನ್ನ ಮೈ ಬದಲಾದದ್ದಕ್ಕೆ ಅವರಿಗೆ ಬೇಡವಾಗಿದೆ ಎಂದೇ ಬಹಳ ಕಾಲ ಅಂದುಕೊಂಡೆ. ಅವರದು ರಿಸ್ಪೆರಿಡೋನ್ ಎಂಬ ಮಾತ್ರೆಯಿಂದ ಆದದ್ದೆಂದು ಬಾಂಬೋಳಿಯ ಮನೋವೈದ್ಯಕೀಯ ಆಸ್ಪತ್ರೆಯ ವೈದ್ಯರು ನಮ್ಮಿಬ್ಬರನ್ನೂ ಕೂರಿಸಿ ವಿವರಿಸಿದ ದಿನ ನನಗೆ ಕೋಪವೇ ಬಂತು, ಇಷ್ಟನ್ನು ಹೇಳಲು ಇವರಿಗೇನಾಗಿತ್ತು ಎಂದು. ಆಮೇಲೆ ಔಷಧಿ ಬದಲಿಸಿದರು. ಹೆಂಡತಿಗೆ ಹೇಳಿ, ಅಣ್ಣ.

ಡೊಂಬಿವಲಿಯಿಂದ:

ಇಷ್ಟು ಹೊತ್ತು ಗಂಡಸರ ಮಾತೇ ಆಯಿತು. ನನ್ನ ವಯಸ್ಸಿನ ಹೆಂಗಸರ ಕಡೆಯಿಂದ ಒಂದಷ್ಟು ಕೇಳುವುದಿದೆ. ನನಗೆ ಮುಟ್ಟು ನಿಂತಿದೆ. ಮೊದಲು ನೋವು ಶುರುವಾಯಿತು, ನೋವಿನ ಭಯದಿಂದ ಮೈ ಬಿಗಿಹಿಡಿಯುವುದು, ಆಮೇಲೆ ಏನೂ ಅನ್ನಿಸದಿರುವುದು. ಸ್ತ್ರೀರೋಗ ತಜ್ಞೆಯಲ್ಲಿ ನೋವಿನ ಮಾತು ಹೇಳಲು ಸಾಧ್ಯವಾಯಿತು, ಸುಖದ ಮಾತು ಬಾಯಿಗೆ ಬರಲಿಲ್ಲ. ಈ ವಯಸ್ಸಿನಲ್ಲಿ ಇವಳಿಗೇನು ಆಸೆ ಎಂದುಕೊಂಡಾರು ಎಂಬ ಅಳುಕು. ನನ್ನ ತಂಗಿಗೆ ಬಾಣಂತನದ ನಂತರ ಇದೇ ಆಗಿತ್ತು. ಇವೆರಡೂ ಒಂದೇ ತೊಂದರೆಯೇ?

ನಿವೃತ್ತ ವೈದ್ಯ, ಪುಣೆ:

ಅಕ್ಕ, ಎರಡರ ಮೂಲದಲ್ಲಿಯೂ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಕಡಿಮೆಯಾಗಿರುವುದೇ ಇದೆ, ದಾರಿ ಬೇರೆ. ಹಾಲೂಡಿಸುವ ತಾಯಿಯಲ್ಲಿ ಪ್ರೊಲ್ಯಾಕ್ಟಿನ್ ಸಹಜವಾಗಿಯೇ ಏರಿ ಈಸ್ಟ್ರೋಜನ್ನನ್ನು ತಗ್ಗಿಸುತ್ತದೆ, ಹಾಲು ಬಿಡಿಸಿದ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಬಾಣಂತಿಯ ಖಿನ್ನತೆಯೂ ಹೀಗೆಯೇ ಕಾಣುವುದರಿಂದ ಅದನ್ನು ವಿಚಾರಿಸದೆ ಬಿಡಬಾರದು. ಮುಟ್ಟು ನಿಂತ ಮೇಲೆ ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ, ಅದು ತಾನಾಗಿ ಸರಿಹೋಗುವುದಿಲ್ಲ. ಜಾರುದ್ರವದಿಂದ ಆರಂಭಿಸಬಹುದು. ಸಾಲದಿದ್ದರೆ ಒಳಗೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಮುಲಾಮನ್ನು ಸ್ತ್ರೀರೋಗ ತಜ್ಞರು ಕೊಡುತ್ತಾರೆ. ಸ್ತನದ ಕ್ಯಾನ್ಸರ್ ಆಗಿದ್ದವರು ಅದನ್ನು ಕೇಳದೆ ಬಳಸಬಾರದು. ಬಿಗಿಹಿಡಿಯುವುದು ಅಭ್ಯಾಸವಾಗಿಬಿಟ್ಟಿದ್ದರೆ ವಸ್ತಿಕುಹರದ, ಅಂದರೆ ಕಿಬ್ಬೊಟ್ಟೆಯ ತಳದ, ಸ್ನಾಯುಗಳಿಗೆ ಫಿಸಿಯೋಥೆರಪಿ ಇದೆ, ಮುಂಬಯಿ ಪುಣೆಗಳಲ್ಲಿ ಅದನ್ನು ಮಾಡಿಸುವವರಿದ್ದಾರೆ. ಸುಖದ ಮಾತು ಬಾಯಿಗೆ ಬರದಿದ್ದರೆ ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ. ನನ್ನ ಬಳಿ ಹಾಗೆ ಕೊಟ್ಟವರಿದ್ದರು, ಕೆಲಸ ಸುಲಭವಾಗುತ್ತಿತ್ತು.

ಪಿಂಪ್ರಿಯ ಓದುಗ:

ನನ್ನ ಪ್ರಶ್ನೆ ಬೇರೆ. ಸರ್ಟ್ರಲೀನ್ ನಿಲ್ಲಿಸಿ ವರ್ಷ ಕಳೆದಿದೆ, ವೈದ್ಯರ ಸಲಹೆಯಂತೆ ನಿಧಾನವಾಗಿಯೇ ನಿಲ್ಲಿಸಿದ್ದು. ಆದರೂ ಜನನಾಂಗದ ಚರ್ಮದಲ್ಲಿ ಸ್ಪರ್ಶ ಮಂದವಾಗಿದೆ, ಸುಖವಿಲ್ಲ. ಮಾತ್ರೆ ದೇಹದಿಂದ ಹೋಗಿ ಯಾವ ಕಾಲವಾಯಿತು, ಇದು ನಿಮ್ಮ ಮನಸ್ಸಿನದೇ ಎಂದು ಹೇಳುತ್ತಾರೆ.

ನಿವೃತ್ತ ವೈದ್ಯ, ಪುಣೆ:

ಇದನ್ನು ಮನಸ್ಸಿನದೆಂದು ತಳ್ಳಿಹಾಕುವ ಕಾಲ ಮುಗಿದಿದೆ. ಯುರೋಪಿಯನ್ ಔಷಧ ಸಂಸ್ಥೆಯ ಸುರಕ್ಷತಾ ಸಮಿತಿಯು 2019ರಲ್ಲಿ ಈ ಗುಂಪಿನ ಮಾತ್ರೆಗಳ ಮಾಹಿತಿ ಪತ್ರದಲ್ಲಿ, ನಿಲ್ಲಿಸಿದ ಮೇಲೂ ಲೈಂಗಿಕ ತೊಂದರೆ ಉಳಿದುಕೊಳ್ಳಬಹುದೆಂಬ ಎಚ್ಚರಿಕೆಯನ್ನು ಸೇರಿಸಲು ಶಿಫಾರಸು ಮಾಡಿತು. ಸ್ಪರ್ಶ ಮಂದವಾಗುವುದು ಅದರ ಪ್ರಮುಖ ಲಕ್ಷಣಗಳಲ್ಲಿ ಒಂದು. ಇದಕ್ಕೆ ಸಿದ್ಧಪಟ್ಟ ಚಿಕಿತ್ಸೆ ಈವರೆಗೆ ಇಲ್ಲ, ಇದೆ ಎಂದು ಹೇಳಿ ಹಣ ಕೀಳುವವರಿಂದ ದೂರವಿರಿ. ಆದರೆ ಈ ನಿರ್ಣಯಕ್ಕೆ ಬರುವ ಮುನ್ನ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು: ಸಕ್ಕರೆ ಕಾಯಿಲೆಯ ನರದೌರ್ಬಲ್ಯ, ಬಿ12, ಸೊಂಟದ ಡಿಸ್ಕ್, ಮಲ್ಟಿಪಲ್ ಸ್ಕ್ಲಿರೋಸಿಸ್‌ನಂಥ ನರರೋಗ. ಎರಡು ತೊಡೆಗಳ ನಡುವೆ ಹೊಸದಾಗಿ ಮರಗಟ್ಟಿ, ಮೂತ್ರ ಅಥವಾ ಮಲದ ಹಿಡಿತವೂ ತಪ್ಪಿದರೆ ಅದು ಬೆನ್ನುಹುರಿಯ ತುದಿಯ ನರಗಳ ಮೇಲಿನ ಒತ್ತಡವಿರಬಹುದು, ಅದೇ ದಿನ ಆಸ್ಪತ್ರೆ ಸೇರಬೇಕು. ನಿಮ್ಮದು ಹಾಗಲ್ಲ. ನರರೋಗ ತಜ್ಞರ ಪರೀಕ್ಷೆ ಒಮ್ಮೆ ಆಗಲಿ. ಇದರಿಂದ ಬದುಕೇ ಬೇಸರವಾಗುವ ಮಟ್ಟಕ್ಕೆ ಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು.

ಮುಲುಂಡ್ ನಿವಾಸಿ:

ಕೆಲವು ವಾರಗಳ ನಂತರ ಬರೆಯುತ್ತಿದ್ದೇನೆ. ಪೊಂಡಾದ ಅಕ್ಕನವರ ಮಾತಿನಂತೆ ಮೊದಲು ಮನೆಯಲ್ಲಿ ಹೇಳಿದೆ. ಆಮೇಲೆ ಮನೋವೈದ್ಯರ ಬಳಿ ಎರಡೂ ಸ್ಟ್ರಿಪ್ ಹಿಡಿದುಕೊಂಡು ಹೋದೆ. ಗ್ಯಾಸಿನ ಕ್ಯಾಪ್ಸೂಲಿನ ವಿಷಯ ಅವರಿಗೆ ತಿಳಿದೇ ಇರಲಿಲ್ಲ, ನಾನು ಹೇಳಿಯೂ ಇರಲಿಲ್ಲ, ಅದನ್ನು ಔಷಧಿಯೆಂದೇ ಎಣಿಸಿರಲಿಲ್ಲ. ಪ್ರೊಲ್ಯಾಕ್ಟಿನ್ ಅರವತ್ತರ ಆಸುಪಾಸು ಬಂತು. ಆ ಲ್ಯಾಬಿನ ಲೆಕ್ಕದಲ್ಲಿ ಗಂಡಸರಿಗೆ ಹದಿನೈದರ ಒಳಗಿರಬೇಕು. ಟೆಸ್ಟೋಸ್ಟಿರೋನ್ ಕೆಳ ಅಂಚಿನಲ್ಲಿತ್ತು, ಥೈರಾಯ್ಡ್ ಸರಿಯಿದೆ. ಲೆವೊಸಲ್ಪಿರೈಡ್ ನಿಲ್ಲಿಸಿ, ಎಸಿಟಾಲೋಪ್ರಾಂ ಹಾಗೆಯೇ ಮುಂದುವರಿಸಲು ಹೇಳಿದರು. ಮತ್ತೆ ನೋಡಿದಾಗ ಪ್ರೊಲ್ಯಾಕ್ಟಿನ್ ಸಾಮಾನ್ಯಕ್ಕೆ ಬಂದಿತ್ತು. ಇಳಿಯದೆ ಇದ್ದಿದ್ದರೆ ಪಿಟ್ಯುಟರಿಯ ಎಂ.ಆರ್.ಐ. ಮಾಡಿಸಬೇಕಾಗುತ್ತಿತ್ತು ಎಂದರು.

ಸುಖದ ಮಾತು ಕೇಳಿದರೆ, ಪೂರ್ತಿ ಮರಳಿದೆ ಎನ್ನಲಾರೆ. ಬಯಕೆ ಸ್ಪಷ್ಟವಾಗಿ ಹೆಚ್ಚಿದೆ. ಆ ಕ್ಷಣದಲ್ಲಿ ಏನೋ ಇದೆ ಎಂಬಷ್ಟು ಕೆಲವು ಸಲ ತಿಳಿಯುತ್ತದೆ, ಕೆಲವು ಸಲ ಇಲ್ಲ. ಉಳಿದದ್ದು ಎಸಿಟಾಲೋಪ್ರಾಂ ಪಾಲು ಇರಬಹುದೆಂದು, ಮುಂದಿನ ಭೇಟಿಯಲ್ಲಿ ಅದನ್ನು ಇಳಿಸುವ ಬಗ್ಗೆ ಮಾತಾಡೋಣ ಎಂದಿದ್ದಾರೆ. ಹೊಟ್ಟೆಯುಬ್ಬರಕ್ಕೆ ರಾತ್ರಿಯ ಊಟವನ್ನು ಬೇಗ ಮುಗಿಸುತ್ತಿದ್ದೇನೆ. ಕಲ್ಯಾಣ ಲೋಕಲ್ ತಡವಾದ ದಿನ ಅದೂ ಆಗುವುದಿಲ್ಲ.

ಘಾಟ್ಕೋಪರ್ ಹೋಟೆಲಿನವರು:

ಅಣ್ಣ, ಒಳ್ಳೆಯದಾಯಿತು. ಪುಡಿಯ ಮಾತು ಬಿಟ್ಟೆ. ಈಗ ನನ್ನದೇ ಒಂದು ಪ್ರಶ್ನೆ. ನನಗೆ ಅರವತ್ತು ದಾಟಿದೆ, ಪ್ರಾಸ್ಟೇಟ್ ದೊಡ್ಡದಾಗಿದೆಯೆಂದು ಸಿಲೋಡೋಸಿನ್ ಕೊಟ್ಟಿದ್ದಾರೆ. ಮೂತ್ರ ಸರಾಗವಾಗಿದೆ. ಆದರೆ ಕೂಡಿದಾಗ ವೀರ್ಯವೇ ಬರುವುದಿಲ್ಲ, ಸುಖವೂ ಅರ್ಧವಾಗಿದೆ. ಧಾತು ಬತ್ತಿತೆಂದೇ ನಾನು ಹಿಂದೆ ಹಾಗೆ ಬರೆದದ್ದು.

ವಾಸ್ಕೋದ ಔಷಧಿ ಅಂಗಡಿಯವನು:

ಬತ್ತಿಲ್ಲ, ಹಿರಿಯರೇ. ಸಿಲೋಡೋಸಿನ್ ಪ್ರಾಸ್ಟೇಟ್ ಮತ್ತು ಮೂತ್ರಕೋಶದ ಕುತ್ತಿಗೆಯ ಸ್ನಾಯುಗಳನ್ನು ಸಡಿಲಿಸುತ್ತದೆ, ಅದರಿಂದಲೇ ಮೂತ್ರ ಸರಾಗ. ವೀರ್ಯವನ್ನು ಮುಂದಕ್ಕೆ ತಳ್ಳುವ ನಾಳಗಳ ಸ್ನಾಯುಗಳೂ ಅದರೊಂದಿಗೆ ಸಡಿಲವಾಗುವುದರಿಂದ ವೀರ್ಯ ಹೊರಗೆ ಬರುವುದಿಲ್ಲ. ಈ ಮಾತ್ರೆಯಲ್ಲಿ ಇದು ಬಹಳ ಸಾಮಾನ್ಯ, ದೇಹಕ್ಕೆ ಹಾನಿಯಿಲ್ಲ, ನಿಲ್ಲಿಸಿದರೆ ಸರಿಹೋಗುತ್ತದೆ. ಕೆಲವರಿಗೆ ಸುಖವೂ ತಗ್ಗಿದಂತೆ ಅನ್ನಿಸುತ್ತದೆ. ಟ್ಯಾಮ್ಸುಲೋಸಿನ್‌ನಲ್ಲಿ ಇದು ಕಡಿಮೆ, ಆಲ್ಫುಜೋಸಿನ್‌ನಲ್ಲಿ ಇನ್ನೂ ಕಡಿಮೆ. ನಿಮ್ಮಷ್ಟಕ್ಕೆ ನಿಲ್ಲಿಸಿದರೆ ಮೂತ್ರ ಕಟ್ಟಿಕೊಳ್ಳಬಹುದು, ಆದ್ದರಿಂದ ಬರೆದುಕೊಟ್ಟ ವೈದ್ಯರನ್ನೇ ಬದಲಿಸಲು ಕೇಳಿ. ಬಿ.ಪಿ. ಮಾತ್ರೆಯೂ ನಡೆಯುತ್ತಿದ್ದರೆ ಹೋಗುವಾಗ ಅದರ ಸ್ಟ್ರಿಪ್ಪನ್ನೂ ತೆಗೆದುಕೊಂಡು ಹೋಗಿ, ಎರಡೂ ಸೇರಿದರೆ ಎದ್ದು ನಿಂತಾಗ ತಲೆ ಸುತ್ತುವುದುಂಟು.